ಅಟ್ಟದಿಂದ ಇಳಿದ ಡೈವಿಂಗ್ ಸೆಟ್ಟು: ಸರ್ವಿಸ್ ಮಾಡಿಸೋದಾ, ಹೊಸದು ತಗೊಳ್ಳೋದಾ?

ಕಳೆದ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಹಬ್ಬಕ್ಕೆ ಮೊದಲು ಅಟ್ಟ ಗುಡಿಸುವಾಗ ಒಂದು ದೊಡ್ಡ ನೀಲಿ ಬ್ಯಾಗು ಕೆಳಗಿಳಿಯಿತು. ಭಾವ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಕೊಂಡ ಸ್ಕೂಬಾ ಡೈವಿಂಗ್ ಸೆಟ್ಟು ಅದು. ಅವರು ಊರಿಗೆ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ ಮೇಲೆ 12 ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಜಿಪ್ ಎಳೆದರೆ ಬರಲಿಲ್ಲ, ಉಪ್ಪು ಕಚ್ಚಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು ತೆಗೆದೆವು. ಒಳಗಿಂದ ಮಳೆಗಾಲದ ಬೂಷ್ಟಿನ ವಾಸನೆ.

"ನೋಡೋ, ನೀನು ನೇತ್ರಾಣಿಗೆ ಹೋಗ್ತಿರ್ತೀಯಲ್ಲ, ಇದು ಇನ್ನೂ ಬರುತ್ತಾ? ಮಗಳನ್ನ ಒಂದ್ಸಲ ಕರ್ಕೊಂಡು ಹೋಗ್ಬೇಕು" ಅಂದರು ಭಾವ.

ಬರುತ್ತೆ ಅಂತಲೂ ಹೇಳಲಾಗಲಿಲ್ಲ, ಬಿಸಾಡಿ ಅಂತಲೂ ಹೇಳಲಾಗಲಿಲ್ಲ. ಹಬ್ಬದ ಎರಡು ದಿನ ಜಗಲಿಯಲ್ಲಿ ಹಳೇ ಪಂಚೆ ಹಾಸಿಕೊಂಡು ಒಂದೊಂದೇ ಸಾಮಾನು ತೆಗೆದು ನೋಡಿದೆವು. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು, ಅದನ್ನು ಹೇಗೆ ತೀರ್ಮಾನ ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಬ್ಯಾಗ್ ಇದ್ದರೆ, ಅಥವಾ ಯಾರಾದರೂ ಅರ್ಧ ಬೆಲೆಗೆ ಹಳೇ ಸೆಟ್ಟು ಕೊಡುತ್ತೇನೆ ಅಂದಿದ್ದರೆ, ದುಡ್ಡು ಬಿಚ್ಚುವ ಮೊದಲು ಓದಿ.

ಮೊದಲೇ ಒಂದು ಮಾತು. ವರ್ಷಕ್ಕೆ ಒಂದೋ ಎರಡೋ ಸಲ ಡೈವಿಂಗ್‌ಗೆ ಹೋಗುವವರಿಗೆ ಸ್ವಂತ ಸೆಟ್ಟು ಬೇಕಾಗಿಯೇ ಇಲ್ಲ. ನೇತ್ರಾಣಿ ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿ.ಮೀ. ದೂರದ ಸಣ್ಣ ದ್ವೀಪ, ಪಾರಿವಾಳ ಗುಡ್ಡ ಅಂತಲೂ ಕರೆಯುತ್ತಾರೆ. ಅಲ್ಲಿಗೆ ಕರೆದೊಯ್ಯುವವರೇ ಎಲ್ಲ ಸಾಮಾನು ಕೊಡುತ್ತಾರೆ. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ಸ್ವಂತ ಸೆಟ್ಟಿನ ಲಾಭ ಬರುವುದು ಸೀಸನ್ ಪೂರ್ತಿ ಹೋಗುವವರಿಗೆ. ಸ್ವಂತ ಮಾಸ್ಕು ಮಾತ್ರ ಎಲ್ಲರಿಗೂ ಇರಲಿ, ಮುಖಕ್ಕೆ ಸರಿಯಾಗಿ ಕೂರುವುದು ಸಿಕ್ಕರೆ ಅದಕ್ಕಿಂತ ಸುಖ ಬೇರೆ ಇಲ್ಲ.

ಈಗ ವಿಷಯಕ್ಕೆ ಬರೋಣ. "ಈ ಸೆಟ್ಟಿಗೆ ಎಷ್ಟು ವರ್ಷ ಆಯ್ತು" ಅಂತ ಕೇಳುವುದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಸೆಟ್ಟಿನೊಳಗಿನ ಒಂದೊಂದು ಭಾಗಕ್ಕೂ ಬೇರೆ ಬೇರೆ ಆಯಸ್ಸು. ಹಿತ್ತಾಳೆ ಬಾಡಿ ನಮ್ಮ ಕಾಲಕ್ಕೂ ಮುಗಿದು ಮಕ್ಕಳ ಕಾಲಕ್ಕೂ ಬರುತ್ತದೆ. ಅದರೊಳಗಿನ ಎರಡು ರೂಪಾಯಿ ಗಾತ್ರದ ರಬ್ಬರ್ ರಿಂಗು ಮಾತ್ರ, ಬಳಸಿದರೂ ಬಳಸದಿದ್ದರೂ, ಕೆಲವೇ ವರ್ಷಕ್ಕೆ ಒಣಗಿ ಗಟ್ಟಿಯಾಗುತ್ತದೆ.

ಭಾವನಿಗೆ ಇದನ್ನು ಅರ್ಥ ಮಾಡಿಸಲು ಕಷ್ಟವಾಗಲಿಲ್ಲ. "ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಪಂಪು ಎಷ್ಟು ವರ್ಷದ್ದು ಭಾವ?" ಅಂದೆ. "ಅಪ್ಪನ ಕಾಲದ್ದು" ಅಂದರು. "ವಾಷರ್?" "ಅದನ್ನ ಪ್ರತಿ ಮಳೆಗಾಲಕ್ಕೂ ಹೊಸದು ಹಾಕಿಸ್ತೀನಿ." "ಪೈಪು?" "ಒಂದು ಸಲ ಒಡೆದು ಮುಖಕ್ಕೆಲ್ಲ ಮೈಲುತುತ್ತ ಹಾರಿತ್ತು, ಅಲ್ಲಿಂದ ಬಿರುಕು ಕಂಡ್ರೆ ಬದಲಾಯಿಸಿಬಿಡ್ತೀನಿ." ಡೈವಿಂಗ್ ಸಾಮಾನಿಗೂ ಇದೇ ಲೆಕ್ಕ. ಪಂಪು ಉಳಿಯುತ್ತದೆ, ವಾಷರ್ ಹೋಗುತ್ತದೆ, ಪೈಪು ಹೋಗುತ್ತದೆ. ಅಡುಗೆಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುತ್ತೇವೆಯೇ ಹೊರತು ಕುಕ್ಕರನ್ನೇ ಎಸೆಯುವುದಿಲ್ಲ, ಅಲ್ವಾ? ಹಾಗೆ.

ವ್ಯತ್ಯಾಸ ಇರುವುದು ಒಂದೇ ಕಡೆ. ತೋಟದಲ್ಲಿ ಪೈಪು ಒಡೆದರೆ ಮುಖ ತೊಳೆದುಕೊಳ್ಳಬಹುದು. 18 ಮೀಟರ್ ನೀರಿನ ಕೆಳಗೆ ಒಡೆದರೆ, ನಿಮಿಷಕ್ಕೆ 9 ಮೀಟರ್ ಲೆಕ್ಕದಲ್ಲಿ ನಿಧಾನಕ್ಕೆ ಮೇಲೆ ಬರಲು ಎರಡು ನಿಮಿಷವಾದರೂ ಬೇಕು. ಅದಕ್ಕೇ ನಾನು ಪ್ರತಿ ಸಾಮಾನಿಗೂ ಮೂರು ಪ್ರಶ್ನೆ ಕೇಳುತ್ತೇನೆ. ಇದು ಕೈಕೊಟ್ಟರೆ ನೀರಿನಡಿಯಲ್ಲಿ ಏನಾಗುತ್ತದೆ? ಇದರಲ್ಲಿ ಸವೆಯುವ ಭಾಗ ಇವತ್ತಿಗೂ ಸಿಗುತ್ತದಾ? ಅದನ್ನು ಹಾಕಲು ಬಲ್ಲವರು ನಮ್ಮ ಕೈಗೆ ಸಿಗುವಷ್ಟು ದೂರದಲ್ಲಿ ಇದ್ದಾರಾ?

ರೆಗ್ಯುಲೇಟರ್‌ನಿಂದ, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡುವಷ್ಟಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಮಾನಿನಿಂದ ಶುರು ಮಾಡುತ್ತೇನೆ. ಜಾಸ್ತಿ ದುಡ್ಡು, ಜಾಸ್ತಿ ಗೊಂದಲ ಎರಡೂ ಅದರಲ್ಲೇ ಇರೋದು.

ಸಿಲಿಂಡರ್ ತುಂಬಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು 200 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್, ಹೋಲಿಸಿ ನೋಡಿ. ಆ ಗಾಳಿಯನ್ನು ನೇರ ಬಾಯಿಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಎರಡು ಹಂತದಲ್ಲಿ ಇಳಿಸಬೇಕು. ಸಿಲಿಂಡರ್ ತಲೆಗೆ ಕೂರುವ ಲೋಹದ ಗಟ್ಟಿ ಫಸ್ಟ್ ಸ್ಟೇಜ್. ಅದು 200 ಬಾರನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚು ಇರುವಷ್ಟಕ್ಕೆ ತರುತ್ತದೆ. ಅಲ್ಲಿಂದ ಹೋಸ್ ಮೂಲಕ ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್‌ಗೆ ಬರುತ್ತದೆ. ಅದು ನಾವು ಉಸಿರು ಎಳೆದಾಗ ಮಾತ್ರ ಬಾಗಿಲು ತೆರೆದು, ಆ ಆಳದಲ್ಲಿ ಎಷ್ಟು ಒತ್ತಡ ಬೇಕೋ ಅಷ್ಟರಲ್ಲೇ ಗಾಳಿ ಕೊಡುತ್ತದೆ. 10 ಮೀಟರ್‌ನಲ್ಲಿ 2 ಬಾರ್, 20 ಮೀಟರ್‌ನಲ್ಲಿ 3 ಬಾರ್.

ಈ ಉಸಿರಿಗೆ ತಕ್ಕಂತೆ ತೆರೆಯುವ ಬಾಗಿಲನ್ನು 1943ರಲ್ಲಿ ಫ್ರಾನ್ಸಿನಲ್ಲಿ ಕೂಡಿಸಿದವರು ನೌಕಾಪಡೆಯ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್. ಗಾನ್ಯಾನ್ ಆಗ ಯುದ್ಧಕಾಲದ ಪೆಟ್ರೋಲ್ ಬರಕ್ಕೆ ಗ್ಯಾಸಿನಲ್ಲಿ ಕಾರು ಓಡಿಸಲು ಒಂದು ವಾಲ್ವು ಮಾಡಿದ್ದರು. ಅದನ್ನೇ ನೀರಿಗೆ ಹೊಂದಿಸಿದರು. ನಮ್ಮಜ್ಜಂದಿರು ಹೇಳುವ ಇದ್ದಿಲು ಗ್ಯಾಸಿನ ಬಸ್ಸೂ ಅದೇ ಯುದ್ಧದ, ಅದೇ ಪೆಟ್ರೋಲ್ ಬರದ ಕೂಸು. ಇದನ್ನು ಯಾಕೆ ಹೇಳಿದೆ ಅಂದರೆ, ಆ ಕಾಲದಿಂದ ಇಲ್ಲಿಯವರೆಗೆ ಮೂಲ ಕೆಲಸ ಅಷ್ಟೇನೂ ಬದಲಾಗಿಲ್ಲ. 1950ರ, 60ರ ದಶಕದ ರೆಗ್ಯುಲೇಟರ್‌ಗಳನ್ನು ರಬ್ಬರ್ ಭಾಗ ಬದಲಿಸಿಕೊಂಡು ಇವತ್ತಿಗೂ ಪ್ರೀತಿಯಿಂದ ಬಳಸುವವರು ಇದ್ದಾರೆ. ಹಳೇದು ಅನ್ನುವ ಒಂದೇ ಕಾರಣಕ್ಕೆ ರೆಗ್ಯುಲೇಟರ್ ಎಸೆಯಬೇಕಾಗಿಲ್ಲ.

ಇನ್ನೊಂದು ಸಮಾಧಾನದ ವಿಷಯ. ಸೆಕೆಂಡ್ ಸ್ಟೇಜ್‌ನ ಬಾಗಿಲು ಗಾಳಿ ಹರಿದುಹೋಗುವ ದಿಕ್ಕಿಗೇ ತೆರೆಯುವ ಹಾಗೆ ಇರುತ್ತದೆ. ಹಾಗಾಗಿ ಒಳಗೆ ಗಾಳಿಯ ದಾರಿ ಮುಚ್ಚುವ ಸೀಟ್ ಎಂಬ ಮೆತ್ತನೆಯ ಭಾಗ ಸವೆದರೆ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಬದಲಿಗೆ ನಿಲ್ಲದೆ ಸುರಿಯಲು ಶುರುವಾಗುತ್ತದೆ. ಇದಕ್ಕೆ ಫ್ರೀ ಫ್ಲೋ ಅಂತಾರೆ. ಉಸಿರಾಡಲು ಗಾಳಿ ಇರುತ್ತದೆ, ಆದರೆ ತುಂಬಿದ ಸಿಲಿಂಡರ್ ಕೆಲವೇ ನಿಮಿಷಕ್ಕೆ ಖಾಲಿ.

ಭಾವನ ಸೆಕೆಂಡ್ ಸ್ಟೇಜ್ ಕೈಗೆತ್ತಿಕೊಂಡಾಗ ಮೊದಲು ಕಂಡದ್ದು ಮಣ್ಣು. ಮೌತ್‌ಪೀಸ್ ತೂತಿಗೆ ಅಚ್ಚುಕಟ್ಟಾಗಿ ಮೆತ್ತಿದ, ಒಣಗಿದ, ಕೆಂಪು ಮಣ್ಣು. ಕುಂಬಾರ ಹುಳ ಗೂಡು ಕಟ್ಟಿತ್ತು. ಮಲೆನಾಡಿನ ಮನೆಯಲ್ಲಿ ಕೀಲಿ ತೂತು, ಸ್ವಿಚ್ ಬೋರ್ಡು ಯಾವುದನ್ನೂ ಬಿಡದ ಹುಳ ಅದು. ಮೆಲ್ಲಗೆ ಟೂತ್‌ಪಿಕ್‌ನಿಂದ ಕೆದಕಿದರೆ ಒಳಗೆ ಒಣಗಿದ ಜೇಡಗಳು, ಮರಿಗೆ ಅಂತ ತಂದಿಟ್ಟ ಆಹಾರ. ಇದನ್ನು ನೋಡದೆ ಯಾರಾದರೂ ಸಿಲಿಂಡರ್‌ಗೆ ಹಾಕಿ ಜೋರಾಗಿ ಉಸಿರು ಎಳೆದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ. ಬಹಳ ದಿನ ಇಟ್ಟ ರೆಗ್ಯುಲೇಟರ್‌ಗೆ ಬಾಯಿ ಹಾಕುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ಇದು ಯಾವ ಕೈಪಿಡಿಯಲ್ಲೂ ಬರೆದಿಲ್ಲದಿರಬಹುದು, ನಮ್ಮೂರಿಗೆ ಬೇಕೇ ಬೇಕು.

ಆಮೇಲೆ ಫಿಲ್ಟರ್. ಫಸ್ಟ್ ಸ್ಟೇಜ್ ಸಿಲಿಂಡರ್‌ಗೆ ಕೂರುವ ಕಡೆ, ಧೂಳು ಮುಚ್ಚಳ ತೆಗೆದರೆ, ಅಂಗಿ ಗುಂಡಿಯ ಹಾಗಿರುವ ಒಂದು ಲೋಹದ ಬಿಲ್ಲೆ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಗೋಪುರದ ಆಕಾರ. ಬಿಚ್ಚದೆಯೇ ಒಳಗಿನ ಕಥೆ ಹೇಳುವ ಭಾಗ ಇದೊಂದೇ. ಬೆಳ್ಳಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಕಂದು ಕೆಂಪು ಇದ್ದರೆ ಯಾವುದೋ ಕಬ್ಬಿಣದ ಸಿಲಿಂಡರ್‌ನ ತುಕ್ಕಿನ ಪುಡಿ ಬಂದಿದೆ. ಕಪ್ಪಾಗಿದ್ದರೆ ಗಾಳಿ ತುಂಬುವ ಕಂಪ್ರೆಸರ್‌ನ ಎಣ್ಣೆಯೋ, ಅದರ ಫಿಲ್ಟರಿನ ಇದ್ದಿಲ ಪುಡಿಯೋ ಇರಬೇಕು. ಹಸಿರಾಗಿದ್ದರೆ ಸಮುದ್ರದ ನೀರು ಒಳಗೆ ಹೋಗಿದೆ.

ಭಾವನದು ಹಸಿರು. "ದೇವರ ಪಾತ್ರೆ ಕಿಲುಬು ಹಿಡಿದ ಹಾಗಿದೆ" ಅಂದರು ಅಕ್ಕ, ಬಾಗಿಲಲ್ಲಿ ನಿಂತು ನೋಡಿ. ಸರಿಯಾಗಿಯೇ ಹೇಳಿದರು, ಅದು ಕಿಲುಬೇ. ಫಸ್ಟ್ ಸ್ಟೇಜ್ ಒಳಗಿಂದ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಧೂಳು ಮುಚ್ಚಳ ಹಾಕದೆ ತೊಳೆದರೆ, ಅಥವಾ ಗಾಳಿಯ ಒತ್ತಡ ಇಲ್ಲದಾಗ ಸೆಕೆಂಡ್ ಸ್ಟೇಜ್‌ನ ಪರ್ಜ್ ಬಟನ್ (ಕೈಯಿಂದಲೇ ಬಾಗಿಲು ತೆರೆಯುವ ಗುಂಡಿ) ಒತ್ತುತ್ತಾ ಬಕೆಟ್‌ನಲ್ಲಿ ಅದ್ದಿದರೆ, ನೀರು ಹೋಸ್ ಹಿಡಿದು ಹಿಂದಕ್ಕೆ ಹೋಗಿ ಅಲ್ಲಿ ಕೂರುತ್ತದೆ. ಹಿತ್ತಾಳೆಗೆ ಉಪ್ಪುನೀರು ತಾಗಿ ಹಸಿರು ಬರುತ್ತದೆ.

ಕಿಲುಬು ಕಂಡರೆ ಗಾಬರಿ ಬೇಡ. ತಾಮ್ರದ ಚೊಂಬಿಗೆ ಹುಣಸೆಹಣ್ಣು ತಿಕ್ಕಿದ ಹಾಗೆ ಇದಕ್ಕೂ ಸಣ್ಣ ಹುಳಿ ದ್ರಾವಣದಲ್ಲಿ ಅಲ್ಟ್ರಾಸಾನಿಕ್ ಸ್ನಾನ ಮಾಡಿಸುತ್ತಾರೆ, ಎಲ್ಲ ಬಿಟ್ಟುಹೋಗುತ್ತದೆ. ನೋಡಬೇಕಾದದ್ದು ಅದರ ಕೆಳಗೆ ಏನಿದೆ ಅನ್ನುವುದನ್ನು. ಫಸ್ಟ್ ಸ್ಟೇಜ್ ಒಳಗೆ ಒಂದು ತೆಳುವಾದ ದುಂಡು ಅಂಚು ಇರುತ್ತದೆ, ಪ್ಲಾಸ್ಟಿಕ್ಕಿನ ಸೀಟ್ ಬಂದು ಆ ಅಂಚಿಗೆ ಒತ್ತಿಕೊಂಡಾಗ ಗಾಳಿ ನಿಲ್ಲುತ್ತದೆ. ಕೂದಲೆಳೆಯಷ್ಟು ಕಚ್ಚು ಬಿದ್ದರೂ ಅದು ಸೋರುತ್ತದೆ. ಕೆಲವು ಮಾದರಿಗಳಲ್ಲಿ ಆ ಅಂಚು ಬಿಡಿಭಾಗವಾಗಿ ಬರುತ್ತದೆ, ಹೊಸದು ಹಾಕಬಹುದು. ಕೆಲವುಗಳಲ್ಲಿ ಬಾಡಿಯಲ್ಲೇ ಕಡೆದಿರುತ್ತಾರೆ, ಅಲ್ಲಿ ಗುಂಡಿ ಬಿದ್ದಿದ್ದರೆ ಆ ಬಾಡಿಯ ಕಥೆ ಮುಗಿಯಿತು. ಇದು ಬಿಚ್ಚದೆ ತಿಳಿಯುವುದಿಲ್ಲ. ಹಾಗಾಗಿ ಸರ್ವಿಸ್‌ಗೆ ಕೊಡುವಾಗಲೇ, "ಬಿಚ್ಚಿ ನೋಡಿ ಫೋನ್ ಮಾಡಿ, ಅಂಚು ಸರಿ ಇದ್ದರೆ ಮಾತ್ರ ಕಿಟ್ ಹಾಕಿ" ಅಂತ ಹೇಳಿಬಿಡಿ. ಕಿಟ್ ಅಂದರೆ ಸವೆಯುವ ಭಾಗಗಳ ಹೊಸ ಪೊಟ್ಟಣ. ಒಳ್ಳೆಯ ಮೆಕ್ಯಾನಿಕ್ ಆದರೆ ಫೋಟೊ ಕಳಿಸುತ್ತಾರೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡಿವೆ. ಒಂದಕ್ಕೆ ಏನೂ ಬೇಡ. ಧೂಳು ಮುಚ್ಚಳ ಬಿಗಿಯಾಗಿ ಹಾಕಿ, ಸಿಲಿಂಡರ್ ಇಲ್ಲದೆ, ಮೌತ್‌ಪೀಸ್ ಬಾಯಲ್ಲಿಟ್ಟು ನಿಧಾನಕ್ಕೆ ಉಸಿರು ಎಳೆಯಿರಿ. ಗಾಳಿ ಬರಬಾರದು, ಎಳೆದಷ್ಟೂ ಬಿಗಿಯಾಗಬೇಕು. ಗಾಳಿ ಬಂದರೆ ಎಲ್ಲೋ ಸೀಳಿದೆ. ಮೌತ್‌ಪೀಸ್ ಇರಬಹುದು, ಉಸಿರು ಹೊರಹೋಗುವ ತೆಳು ರಬ್ಬರ್ ಎಲೆ ಮಡಚಿಕೊಂಡಿರಬಹುದು, ಡಯಾಫ್ರಾಮ್ ಎಂಬ ರಬ್ಬರ್ ಪರದೆ ಹರಿದಿರಬಹುದು. ಗಾಳಿ ಬರುವ ದಾರಿಯಲ್ಲಿ ನೀರಿನಡಿಯಲ್ಲಿ ನೀರು ಬರುತ್ತದೆ.

ಇನ್ನೊಂದಕ್ಕೆ ಸಣ್ಣ ಗೇಜ್ ಬೇಕು, ಬಿಸಿಡಿಗೆ (ಗಾಳಿ ತುಂಬಿಸುವ ಜಾಕೆಟ್ಟಿಗೆ) ಗಾಳಿ ಕೊಡುವ ಹೋಸ್ ತುದಿಗೆ ಸಿಕ್ಕಿಸುವಂಥದ್ದು. ಅಷ್ಟೇನೂ ಬೆಲೆ ಇಲ್ಲ, ಸ್ವಂತ ರೆಗ್ಯುಲೇಟರ್ ಇರುವವರೆಲ್ಲ ಒಂದು ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಫಸ್ಟ್ ಸ್ಟೇಜ್‌ಗೆ ಬಿ.ಪಿ. ನೋಡಿದ ಹಾಗೆ ಇದು. ಸಿಲಿಂಡರ್ ತೆರೆದು ನಾಲ್ಕು ಉಸಿರು ತೆಗೆದುಕೊಂಡರೆ ಮುಳ್ಳು ಸ್ವಲ್ಪ ಇಳಿದು ಮತ್ತೆ 9-10 ಬಾರ್ ಆಸುಪಾಸಿನಲ್ಲಿ ನಿಲ್ಲಬೇಕು. ಸರಿಯಾದ ಅಂಕಿ ನಿಮ್ಮ ಮಾದರಿಯ ಪುಸ್ತಕದಲ್ಲಿ ಇರುತ್ತದೆ. ನಿಲ್ಲದೆ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋದರೆ ಒಳಗಿನ ಸೀಟ್ ಸವೆದಿದೆ, ಆ ರೆಗ್ಯುಲೇಟರ್ ನೀರಿಗಿಳಿಯಬಾರದು. ಒಂದು ಎಚ್ಚರಿಕೆ: ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಸೆಟ್ಟಿಗೆ ಸಿಲಿಂಡರ್ ತೆರೆಯುವಾಗ ತುಂಬಾ ನಿಧಾನ ಇರಲಿ, ಸಿಲಿಂಡರಿನ ಒತ್ತಡ ತೋರಿಸುವ ಪ್ರೆಶರ್ ಗೇಜಿನ ಗಾಜು ನಿಮ್ಮ ಮುಖದ ಕಡೆಗೂ ಇರಬಾರದು, ಪಕ್ಕದವರ ಕಡೆಗೂ ಇರಬಾರದು.

ಈ ಪರೀಕ್ಷೆಗಳಲ್ಲಿ ಪಾಸಾದರೂ 12 ವರ್ಷದ ರಬ್ಬರ್ ನಂಬುವಂಥದ್ದಲ್ಲ, ಸರ್ವಿಸ್ ಆಗಲೇಬೇಕು. ದಿನನಿತ್ಯ ಬಳಸುವ ರೆಗ್ಯುಲೇಟರ್‌ಗೆ ಬಹುಕಾಲದಿಂದ ಇರುವ ರೂಢಿ ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ. ಈಗ ಕೆಲವು ಕಂಪನಿಗಳು ಎರಡು ವರ್ಷ ಅನ್ನುತ್ತವೆ, ನಡುವೆ ಒಂದು ತಪಾಸಣೆ ಸಾಕು ಅನ್ನುತ್ತವೆ. ಸರ್ವಿಸ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಕಿಟ್‌ನಲ್ಲಿ ಬರುವ ಓ-ರಿಂಗ್ (ರಬ್ಬರ್ ರಿಂಗು), ಸೀಟ್, ಫಿಲ್ಟರ್ ಎಲ್ಲ ಹೊಸದು ಹಾಕಿ, ಒತ್ತಡ ಹೊಂದಿಸಿ ಕೊಡುವುದು.

ಇಲ್ಲಿ ಬರುತ್ತದೆ ಎರಡನೇ ಪ್ರಶ್ನೆ. ಕಿಟ್ ಸಿಗುತ್ತದಾ? ನನ್ನ ಅನುಭವದಲ್ಲಿ ಹಳೇ ರೆಗ್ಯುಲೇಟರ್‌ಗಳ ಹಣೆಬರಹ ತೀರ್ಮಾನ ಆಗುವುದು ಇಲ್ಲೇ. ಸ್ಕೂಬಾಪ್ರೋದಂಥ ಕಂಪನಿಯ ಎಷ್ಟೋ ಹಳೇ ಮಾದರಿಗಳಿಗೆ ಇವತ್ತಿಗೂ ಭಾಗ ಸಿಗುತ್ತದೆ. ಇನ್ನು ಕೆಲವು ಹೆಸರುಗಳು ಕೈ ಬದಲಾಗಿ, ಕಂಪನಿ ಮುಚ್ಚಿ, ಬಂಗಾರದಂಥ ಬಾಡಿ ಇದ್ದರೂ ಹಾಕಲು ಸೀಟ್ ಇಲ್ಲದೆ ಸುಮ್ನೆ ಕೂತಿವೆ. "ಬೇರೆ ಕಂಪನಿದು ಹತ್ತಿರ ಹತ್ತಿರ ಬರುತ್ತೆ, ಹಾಕ್ಲಾ?" ಅಂತ ಯಾರಾದರೂ ಕೇಳಿದರೆ ಬೇಡ ಅನ್ನಿ. ಬೈಕಿಗೆ ನಡೆಯುತ್ತದೆ, ಉಸಿರಿಗೆ ನಡೆಯುವುದಿಲ್ಲ.

ಮೂರನೇ ಪ್ರಶ್ನೆ ನಮ್ಮ ಕಡೆಯವರಿಗೆ ದೊಡ್ಡದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಿಕ್ಸಿಯಿಂದ ಹಿಡಿದು ಏನೆಲ್ಲಾ ರಿಪೇರಿ ಆಗುತ್ತದೆ, ಇದು ಆಗುವುದಿಲ್ಲ. ಬೆಂಗಳೂರಿಗೋ ಗೋವಾಕ್ಕೋ ಕಳಿಸಬೇಕು. ಲೆಕ್ಕ ಹಾಕುವಾಗ ಎಲ್ಲವನ್ನೂ ಸೇರಿಸಿ: ಫಸ್ಟ್ ಸ್ಟೇಜ್ ಕೂಲಿ ಬೇರೆ, ಬಾಯಿಗಿಡುವ ಸೆಕೆಂಡ್ ಸ್ಟೇಜ್ ಬೇರೆ, ಆಕ್ಟೋಪಸ್, ಅಂದರೆ ಜೊತೆಗಾರರಿಗೆ ಅಂತ ಇರುವ ಇನ್ನೊಂದು ಸೆಕೆಂಡ್ ಸ್ಟೇಜ್, ಬೇರೆ. ಕಿಟ್ಟಿನ ಬೆಲೆ ಕೂಲಿಯಲ್ಲಿ ಸೇರಿರುವುದಿಲ್ಲ. ಹೋಸ್‌ಗಳು, ಎರಡು ಕಡೆಯ ಕೊರಿಯರ್. ಇವೆಲ್ಲ ಸೇರಿ ಅದೇ ದರ್ಜೆಯ ಹೊಸ ಸೆಟ್ಟಿನ ಅರ್ಧ ಬೆಲೆ ದಾಟಿದರೆ ನಾನು ಹೊಸದರ ಕಡೆಗೇ ವಾಲುತ್ತೇನೆ, ಯಾಕಂದರೆ ಹೊಸದಕ್ಕೆ ವಾರಂಟಿ ಇರುತ್ತದೆ, ಮುಂದಿನ ಹತ್ತು ವರ್ಷ ಭಾಗ ಸಿಗುವ ಭರವಸೆ ಇರುತ್ತದೆ. ಆದರೆ ಹಳೇದು ಮೇಲ್ದರ್ಜೆಯ, ಬ್ಯಾಲೆನ್ಸ್ಡ್ ಮಾದರಿಯಾಗಿದ್ದು ಕಿಟ್ ಸಿಗುವಂತಿದ್ದರೆ ಅದನ್ನು ಉಳಿಸಿಕೊಳ್ಳಿ. ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಉಸಿರು ಬಿಗಿಯಾಗದ ಮಾದರಿ ಅದು. ಅಗ್ಗದ ಹೊಸದಕ್ಕಿಂತ ಚೆನ್ನಾಗಿ ಸರ್ವಿಸ್ ಆದ ಅಂಥ ಹಳೇದು ಎಷ್ಟೋ ಮೇಲು.

ಸರ್ವಿಸ್ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ, ನನಗೇ ಆದದ್ದು. ಮೂರು ವರ್ಷದ ಹಿಂದೆ ರೆಗ್ಯುಲೇಟರ್ ಸರ್ವಿಸ್ ಆಗಿ ಬಂದದ್ದು ಶುಕ್ರವಾರ. ಶನಿವಾರ ರಾತ್ರಿಯೇ ಹೊರಟು, ಸಾಗರ ಹೊನ್ನಾವರ ದಾಟಿ, ಭಾನುವಾರ ಬೆಳಿಗ್ಗೆ ದೋಣಿ ಹತ್ತಿದೆ. ನೇತ್ರಾಣಿ ಪಕ್ಕದಲ್ಲಿ ಲಂಗರು ಹಾಕಿ ನೀರಿಗೆ ಹಾರಿದ ಕೂಡಲೇ ರೆಗ್ಯುಲೇಟರ್‌ನಿಂದ ಗಾಳಿ ಸುರಿಯಲು ಶುರುವಾಯಿತು, ನಿಲ್ಲಲೇ ಇಲ್ಲ. ಮುಂಚೆ ಇಲ್ಲದ ತೊಂದರೆ ಸರ್ವಿಸ್ ಆದ ಮೇಲೆ ಬಂತು. ಆಮೇಲೆ ಗೊತ್ತಾಯಿತು, ಹೊಸ ಸೀಟ್ ಅಂಚಿಗೆ ಒತ್ತಿಕೊಂಡು ತನ್ನ ಗುರುತು ಮೂಡಿಸಿಕೊಳ್ಳುವವರೆಗೆ ಹೊಂದಿಸಿದ ಒತ್ತಡ ಸ್ವಲ್ಪ ಜಾರಬಹುದು, ಮತ್ತೊಮ್ಮೆ ಸರಿ ಮಾಡಬೇಕಾಗಬಹುದು ಅಂತ. ಬಿಚ್ಚಿ ಜೋಡಿಸಿದ ಯಾವ ಯಂತ್ರಕ್ಕೂ ಇದು ಇದ್ದದ್ದೇ. ಅವತ್ತಿನಿಂದ ನಾನು ಸರ್ವಿಸ್ ಆಗಿ ಬಂದದ್ದನ್ನು ಮೊದಲು ಈಜುಕೊಳದಲ್ಲಿ ಒಂದು ಗಂಟೆ ಉಸಿರಾಡಿ ನೋಡುತ್ತೇನೆ, ಕನಿಷ್ಠ ಎರಡು ವಾರದ ಅಂತರ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಕಳಿಸಿ, ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಮಾಡಿ ಮುಗಿಸುವುದು ನಮ್ಮ ಸೀಸನ್‌ಗೆ ಸರಿಹೋಗುತ್ತದೆ.

ಹೋಸ್ ವಿಷಯದಲ್ಲಿ ಯೋಚನೆಯೇ ಬೇಡ. ಮನೆಯ ಅಡುಗೆ ಗ್ಯಾಸಿನ ಕಿತ್ತಳೆ ಬಣ್ಣದ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ ಅಂತ ಹೇಳುತ್ತಾರಲ್ಲ, ಇದಕ್ಕೂ ಹೆಚ್ಚುಕಡಿಮೆ ಅದೇ ಲೆಕ್ಕ ಇಟ್ಟುಕೊಳ್ಳಿ. ಲೋಹದ ತುದಿ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ತೋಳು ಹಾಕಿರುತ್ತಾರೆ, ಅದನ್ನು ಹಿಂದಕ್ಕೆ ಸರಿಸಿ ಹೋಸ್ ಬಗ್ಗಿಸಿ ನೋಡಿ. ಭಾವನ ಹೋಸ್ ಹೊರಗಿಂದ ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ತೋಳು ಸರಿಸಿ ಬಗ್ಗಿಸಿದರೆ ಬೇಸಿಗೆಯ ಗದ್ದೆಯ ಹಾಗೆ ಬಿರುಕು. ತೋಳು ರಕ್ಷಣೆಗೆ ಅಂತ ಹಾಕಿದ್ದು, ಬಿರುಕನ್ನೂ ಅದೇ ಮುಚ್ಚಿಟ್ಟಿತ್ತು.

ಹೊರಗೆ ನೂಲು ಹೆಣೆದಂತಿರುವ ಮೆತ್ತನೆಯ ಹೋಸ್‌ಗಳಿವೆ, ನೋಡಲು ಚಂದ. ಅಂಥ ಕೆಲವು ಹೋಸ್‌ಗಳಲ್ಲಿ ಒಳಗಿನ ಪ್ಲಾಸ್ಟಿಕ್ ಕೊಳವೆ ಬಿಸಿಗೆ, ತೇವಕ್ಕೆ ಕೆಟ್ಟು, ಹರಳು ಹರಳಾಗಿ ಉದುರಿ ಗಾಳಿಯ ದಾರಿಯನ್ನೇ ಕಟ್ಟಿದ ಘಟನೆಗಳ ಬಗ್ಗೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ. ಹೊರಗಿಂದ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ನಮ್ಮೂರಲ್ಲಿ ಹಳೇ ಹೆಣೆದ ಹೋಸ್ ಸಿಕ್ಕರೆ, ಎಷ್ಟೇ ಚೆನ್ನಾಗಿ ಕಂಡರೂ, ಕತ್ತರಿಸಿ ಬಿಸಾಡಿ. ಕತ್ತರಿಸಿಯೇ ಬಿಸಾಡಿ, ಇನ್ನೊಬ್ಬರು ಎತ್ತಿಕೊಂಡು ಬಳಸಬಾರದು.

ಪ್ರೆಶರ್ ಗೇಜಿನ ಬುಡದಿಂದ ನೀರಿನೊಳಗೆ ಸೂಜಿಮೊನೆಯಂಥ ಗುಳ್ಳೆಗಳು ಬರುತ್ತಿದ್ದರೆ ಗೇಜೇ ಹೋಯಿತು ಅಂತ ಅಂದುಕೊಳ್ಳಬೇಡಿ. ಅಲ್ಲಿ ಎರಡು ಪುಟ್ಟ ಓ-ರಿಂಗ್ ಇರುವ ಒಂದು ತಿರುಗುವ ಕಡ್ಡಿ ಇರುತ್ತದೆ, ಅದನ್ನು ಬದಲಿಸಿದರೆ ಮುಗಿಯಿತು. ಗಾಳಿ ಪೂರ್ತಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಮಾತ್ರ ಹೊಸ ಗೇಜ್ ತಗೊಳ್ಳಿ. ಇಲ್ಲದ ಗಾಳಿಯನ್ನು ಇದೆ ಅಂತ ತೋರಿಸುವ ಗೇಜ್ ಇಟ್ಟುಕೊಳ್ಳಲೇಬಾರದು.

ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್. ಬಾಯಿಂದ ಊದಿ ಬಿಗಿಯಾಗಿ ತುಂಬಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸೊರಗಿದ್ದರೆ ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೆ ನೋಡಿ. ವಾಲ್ವಿನ ಸುತ್ತ ಆದರೆ ಸುಲಭದ ರಿಪೇರಿ. ಹೊಲಿಗೆಯ ಅಂಚಿನಲ್ಲಿ ಆದರೆ ಕಷ್ಟ. ಗಾಳಿ ತುಂಬುವ ಬಟನ್ ಮಾತ್ರ ವಿಶೇಷವಾಗಿ ನೋಡಿ, ಒತ್ತಿ ಬಿಟ್ಟ ಕೂಡಲೇ ಟಕ್ ಅಂತ ವಾಪಸ್ ಬರಬೇಕು. ಉಪ್ಪು ಕಚ್ಚಿ ಅದು ಒಳಗೇ ಸಿಕ್ಕಿಕೊಂಡರೆ ಜಾಕೆಟ್ ತಾನಾಗಿ ಊದಿಕೊಂಡು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಅವಸರದಲ್ಲಿ ಮೇಲೆ ಬಂದರೆ, ಅದರಲ್ಲೂ ಉಸಿರು ಬಿಗಿಹಿಡಿದರೆ, ಶ್ವಾಸಕೋಶಕ್ಕೇ ಪೆಟ್ಟು. ಬಟನ್ ಭಾಗ ಒಂದೇ ಬದಲಿಸಲು ಬರುತ್ತದೆ, ಅದಕ್ಕಾಗಿ ಇಡೀ ಜಾಕೆಟ್ ಬಿಡಬೇಕಾಗಿಲ್ಲ. ಆದರೆ ಭಾವನ ಜಾಕೆಟ್ ಅಲುಗಾಡಿಸಿದರೆ ಒಳಗೆ ಏನೋ ಸರಸರ ಸದ್ದು. ನೀರು ಹಾಕಿ ಕುಲುಕಿ ಸುರಿದಾಗ ಹಪ್ಪಳದ ಚೂರಿನಂತೆ ಬಿಳಿ ಪದರಗಳು ಬಂದವು. ಒಳಗಿನ ಲೇಪವೇ ಕಳಚಿತ್ತು. ಅದಕ್ಕೆ ರಿಪೇರಿ ಇಲ್ಲ, ಆ ಚೂರು ವಾಲ್ವಿಗೆ ಸಿಕ್ಕಿದರೆ ಗಾಳಿ ಬಿಡಲು ಆಗುವುದಿಲ್ಲ.

ಡೈವ್ ಕಂಪ್ಯೂಟರ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಎಷ್ಟು ಆಳ, ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು ಅನ್ನುವುದನ್ನೆಲ್ಲ ಅದು ಹೇಳಿದಂತೆ ಕೇಳುತ್ತೇವೆ. ಬ್ಯಾಟರಿ ಹಾಕಿದ ಕೂಡಲೇ ಪರದೆ ಬೆಳಗಿತು ಅಂದರೆ ಸರಿ ಇದೆ ಅಂತಲ್ಲ. ಆಳ ಅಳೆಯುವ ಸೆನ್ಸರ್ ಸರಿ ಇದೆಯಾ ಅಂತ ತಿಳಿಯಲು ಇನ್ನೊಂದು ಒಳ್ಳೆಯ ಕಂಪ್ಯೂಟರಿನ ಜೊತೆ ಒಂದೇ ಹಗ್ಗಕ್ಕೆ ಕಟ್ಟಿ ಇಳಿಸಿ ಹೋಲಿಸಬೇಕು. ಬ್ಯಾಟರಿ ಮನೆಯಲ್ಲಿ ಹಸಿರು ಕಲೆ ಇದ್ದರೆ, ಪರದೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು ಇದ್ದರೆ, ಬಟನ್ ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತಿದ್ದರೆ, ಅದಕ್ಕೆ ಖರ್ಚು ಮಾಡಬೇಡಿ. ಹೊಸದು ತಗೊಳ್ಳಿ. ಇಲೆಕ್ಟ್ರಾನಿಕ್ಸ್‌ಗೆ ಹಿತ್ತಾಳೆಯ ಆಯಸ್ಸು ಇಲ್ಲ.

ಸಿಲಿಂಡರ್ ಭಾವನ ಬ್ಯಾಗಿನಲ್ಲಿ ಇರಲಿಲ್ಲ, ಪುಣ್ಯ. ಇದ್ದವರಿಗೆ ಹೇಳುತ್ತೇನೆ. ಮನೆಯ ಗ್ಯಾಸ್ ಸಿಲಿಂಡರಿನ ಕುತ್ತಿಗೆ ಪಟ್ಟಿಯಲ್ಲಿ ಎ-27 ಅಂತ ಬರೆದಿದ್ದರೆ ಅದರ ಪರೀಕ್ಷೆ 2027ರ ಮಾರ್ಚ್ ಒಳಗೆ ಆಗಬೇಕು ಅಂತ ಅರ್ಥ. ಡೈವಿಂಗ್ ಸಿಲಿಂಡರ್ ಹೆಗಲ ಮೇಲೂ ಹಾಗೇ ಪರೀಕ್ಷೆಯ ತಾರೀಖು ಕೊರೆದಿರುತ್ತದೆ. ನೀರು ತುಂಬಿ, ದಿನಬಳಕೆಗಿಂತ ತುಂಬಾ ಜಾಸ್ತಿ ಒತ್ತಡ ಕೊಟ್ಟು, ಎಷ್ಟು ಹಿಗ್ಗಿ ಎಷ್ಟು ವಾಪಸ್ ಬರುತ್ತದೆ ಅಂತ ಅಳೆಯುವ ಹೈಡ್ರೋ ಟೆಸ್ಟ್ ಅದು. ಬಹಳ ದೇಶಗಳಲ್ಲಿ 5 ವರ್ಷಕ್ಕೊಮ್ಮೆ, ಜೊತೆಗೆ ವರ್ಷಕ್ಕೊಮ್ಮೆ ಒಳಗೆ ದೀಪ ಬಿಟ್ಟು ನೋಡುವ ತಪಾಸಣೆ. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ಸ್ ರೂಲ್ಸ್ 2016ರ ಪ್ರಕಾರ ಇದೆಲ್ಲ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಕೈಯಲ್ಲಿದೆ. ಅವರ ಒಪ್ಪಿಗೆ ಇರುವ ಕೇಂದ್ರದಲ್ಲೇ ಪರೀಕ್ಷೆ ಆಗಬೇಕು.

ಹಳೇ ಅಲ್ಯೂಮಿನಿಯಂ ಸಿಲಿಂಡರ್ ಯಾರಾದರೂ ಕೊಟ್ಟರೆ ತಯಾರಾದ ವರ್ಷ ನೋಡಿ. 1990ಕ್ಕಿಂತ ಮೊದಲಿನ ಕೆಲವು 6351 ಎಂಬ ಮಿಶ್ರಲೋಹದವು. ಅವುಗಳ ಕುತ್ತಿಗೆ ಭಾಗದಲ್ಲಿ ಸದಾ ಒತ್ತಡ ತಡೆದೂ ತಡೆದೂ ನಿಧಾನಕ್ಕೆ ಬಿರುಕು ಬೆಳೆಯುವುದು ಗೊತ್ತಾದ ಮೇಲೆ 6061 ಎಂಬ ಲೋಹಕ್ಕೆ ಬದಲಾಯಿಸಿದರು. ಅಂಥ ಹಳೆಯವು ಬೇಡವೇ ಬೇಡ. ಕಬ್ಬಿಣದ ಸಿಲಿಂಡರ್ ಒಳಗೆ ನೀರು ಸೇರಿ ವರ್ಷಗಟ್ಟಲೆ ತುಂಬಿಟ್ಟಿದ್ದರೆ ಇನ್ನೊಂದು ಅಪಾಯ. ತುಕ್ಕು ಒಳಗಿನ ಆಮ್ಲಜನಕವನ್ನೇ ತಿಂದುಬಿಡುತ್ತದೆ. ಗೇಜ್ ಇನ್ನೂ ಬೇಕಾದಷ್ಟು ಒತ್ತಡ ತೋರಿಸುತ್ತದೆ, ಉಸಿರಾಡಿದವರು ಪ್ರಜ್ಞೆ ತಪ್ಪಬಹುದು. ಮಲೆನಾಡಿನಲ್ಲಿ ಕೂತು ಸ್ವಂತ ಸಿಲಿಂಡರ್ ಇಟ್ಟುಕೊಳ್ಳುವ ಅಗತ್ಯವೇ ನನಗೆ ಕಾಣುವುದಿಲ್ಲ, ದೋಣಿಯವರದೇ ಬಳಸಿ, ತಾರೀಖು ಮಾತ್ರ ನೋಡಿ.

ಉಳಿದದ್ದು ಸಣ್ಣಪುಟ್ಟದ್ದು. ಕಾಲಿಗೆ ಹಾಕುವ ಫಿನ್ ಹಾಳಾಗುವುದು ಕಡಿಮೆ, ಪಟ್ಟಿ ಬದಲಿಸಿ. ಮಾಸ್ಕಿನ ಸಿಲಿಕೋನ್‌ಗೆ ಕಪ್ಪು ಚುಕ್ಕಿ ಬಂದಿದ್ದರೆ ಅದು ಬೂಷ್ಟು, ತೊಳೆದರೆ ಕಲೆ ಉಳಿದರೂ ಕೆಲಸಕ್ಕೆ ತೊಂದರೆ ಇಲ್ಲ. ಮೈ ಬೆಚ್ಚಗಿಡುವ ರಬ್ಬರ್ ಉಡುಪು ವೆಟ್‌ಸೂಟು, ಅದರ ಒಳಗಿನ ಗುಳ್ಳೆಗಳು ಒತ್ತಿಹೋಗಿ ತೆಳ್ಳಗಾಗಿದ್ದರೆ ಬೆಚ್ಚಗಿಡುವುದಿಲ್ಲ, ತೇಲುವುದೂ ಕಡಿಮೆ.

ಇನ್ನು ಇಡುವ ಜಾಗ. ಅಟ್ಟ ಬೇಡ. ಮೇಲೆ ಹೆಂಚಿನ ಕಾವು, ಕೆಳಗಿಂದ ಒಲೆಯ ಹೊಗೆ, ಮಳೆಗಾಲದ ತೇವ, ಮೂರೂ ರಬ್ಬರಿಗೆ ಶತ್ರು. ಓಡುವ ಮೋಟಾರಿನ ಪಕ್ಕ ಕೂಡ ಬೇಡ, ಅಲ್ಲಿ ಹುಟ್ಟುವ ಓಝೋನ್ ರಬ್ಬರನ್ನು ಸೀಳುತ್ತದೆ. ಸಿಹಿನೀರಲ್ಲಿ ನೆನೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಹೋಸ್ ಮಡಚದೆ ದೊಡ್ಡ ಸುತ್ತಾಗಿ ಸುತ್ತಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಎಳೆಯುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮೌತ್‌ಪೀಸ್‌ಗೆ ಒಂದು ಬಟ್ಟೆ ಕಟ್ಟಿ, ಕುಂಬಾರ ಹುಳಕ್ಕೆ.

ಭಾವನ ಬ್ಯಾಗಿನಿಂದ ಕೊನೆಗೆ ಉಳಿದದ್ದು ಫಸ್ಟ್ ಸ್ಟೇಜ್, ಒಂದು ಸೆಕೆಂಡ್ ಸ್ಟೇಜ್, ಪ್ರೆಶರ್ ಗೇಜ್, ಫಿನ್, ಮಾಸ್ಕು. ಕಿಲುಬಿನ ಕೆಳಗೆ ಅಂಚು ಸರಿಯಾಗಿತ್ತು, ಕಿಟ್ ಸಿಕ್ಕಿತು. ಆಕ್ಟೋಪಸ್‌ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿರುಕಿತ್ತು, ಅದನ್ನು, ಎಲ್ಲ ಹೋಸ್‌ಗಳನ್ನು, ಕಂಪ್ಯೂಟರನ್ನು ಹೊಸದು ತಂದೆವು. ಜಾಕೆಟ್ ಸದ್ಯಕ್ಕೆ ಬಾಡಿಗೆಗೆ ಸಾಕು ಅಂದರು. ಈಜುಕೊಳದಲ್ಲಿ ಎರಡು ಸಲ ಪರೀಕ್ಷೆ ಮಾಡಿ, ಜನವರಿಯಲ್ಲಿ ಮುರುಡೇಶ್ವರಕ್ಕೆ ಹೋದೆವು. ಅಕ್ಕನ ಮಗಳು ದೋಣಿಯವರ ಸೆಟ್ಟು ಹಾಕಿಕೊಂಡು ತರಬೇತುದಾರರ ಪಕ್ಕ ಕೂತಿದ್ದಳು.

ನೀರಿಗಿಳಿಯುವ ಮೊದಲು ನಾನು ಹೇಳಿಕೊಟ್ಟಿದ್ದನ್ನು ಭಾವ ಮರೆತಿರಲಿಲ್ಲ. ರೆಗ್ಯುಲೇಟರ್ ಬಾಯಲ್ಲಿಟ್ಟು ಉಸಿರು ಎಳೆಯುತ್ತಾ ಪ್ರೆಶರ್ ಗೇಜಿನ ಮುಳ್ಳನ್ನೇ ನೋಡಬೇಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರುತ್ತಿದ್ದರೆ ಸಿಲಿಂಡರ್ ಪೂರ್ತಿ ತೆರೆದಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿದೆ ಅಂತ ಅರ್ಥ. ಮಗಳನ್ನೂ ಪಕ್ಕಕ್ಕೆ ಕರೆದು ತೋರಿಸಿದರು. ಇಬ್ಬರೂ ತಲೆ ಬಗ್ಗಿಸಿ ನೋಡುತ್ತಿದ್ದಂತೆ ನಾಲ್ಕು ಉಸಿರು ಎಳೆದರು. ಮುಳ್ಳು 200ರ ಹತ್ತಿರ ನಿಂತದ್ದು ನಿಂತೇ ಇತ್ತು.